ಮೀಥೇನ್‌ಗೆ ವಾಸನೆ ಇದೆಯಾ?

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಇದೇ ಚರ್ಚೆ, ಅದಕ್ಕೇ ಬರೆಯುತ್ತಿದ್ದೇನೆ. ಪೈಪ್ ಗ್ಯಾಸ್‌ನಲ್ಲಿ ಬಹುಪಾಲು ಇರುವ ಅನಿಲವೇ ಮೀಥೇನ್. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪೈಪ್ ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುವುದು ಬೇಕಂತಲೇ ಬೆರೆಸಿದ ಬೇರೆ ರಾಸಾಯನಿಕ. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15ರಷ್ಟು ಸೇರಿಕೊಂಡರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಹಾಗಾಗಿ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹೊರಗೆ ಬನ್ನಿ. ಮೀಥೇನ್ ಗಾಳಿಗಿಂತ ಹಗುರ, ಮೇಲೇರುತ್ತದೆ. ಸಿಲಿಂಡರಿನ ಎಲ್‌ಪಿಜಿ ಬೇರೆಯೇ. ಅದು ನೆಲದ ಮಟ್ಟದಲ್ಲೇ ಕೂರುತ್ತದೆ.

ಮೀಥೇನ್ ಹುಟ್ಟುವುದನ್ನು ನೋಡಬೇಕಾ? ನಿಂತ ನೀರಿನ ಕೆಸರನ್ನು ಕೋಲಿನಿಂದ ಕದಡಿ. ಬುಳುಬುಳು ಗುಳ್ಳೆ ಏಳುತ್ತವೆ ಅಲ್ವಾ, ಅದೇ. 1776ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಕೂಡ ಸರೋವರದ ದಡದಲ್ಲಿ ಹೀಗೇ ಕದಡಿ ಗುಳ್ಳೆ ಹಿಡಿದಿಟ್ಟಿದ್ದ! ಗಾಳಿಯಾಡದ ಕಡೆ ಸೂಕ್ಷ್ಮಜೀವಿಗಳು ಇದನ್ನು ತಯಾರಿಸುತ್ತವೆ: ಭತ್ತದ ಗದ್ದೆ, ಕಸದ ಗುಡ್ಡೆ, ಹಸುವಿನ ಹೊಟ್ಟೆ. ಹಸು ಇದನ್ನು ಬಿಡುವುದು ಬಹುಪಾಲು ತೇಗಿನಲ್ಲಿ, ಎಲ್ಲರೂ ನಗುವಂತೆ ಹಿಂದಿನಿಂದ ಅಲ್ಲ. ಕಲ್ಲಿದ್ದಲು ಗಣಿ, ತೈಲ ಬಾವಿಗಳಿಂದಲೂ ಸೋರುತ್ತದೆ.

ಅಡುಗೆ, ವಿದ್ಯುತ್, ಸಿಎನ್‌ಜಿ ವಾಹನ, ಯೂರಿಯಾ ತಯಾರಿಕೆ, ಎಲ್ಲಕ್ಕೂ ಬೇಕು. ಉರಿಸದೆ ಸುಮ್ನೆ ಗಾಳಿಗೆ ಬಿಟ್ಟರೇ ಜಾಸ್ತಿ ಕಷ್ಟ. 20 ವರ್ಷದ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಶಾಖ ಹಿಡಿದಿಡುತ್ತದೆ. ಆದರೆ ವಾತಾವರಣದಲ್ಲಿ ಉಳಿಯುವುದು ಹತ್ತಿರಹತ್ತಿರ 12 ವರ್ಷವಷ್ಟೇ. ಅಂದರೆ ಇವತ್ತು ಸೋರಿಕೆ ತಡೆದರೆ ನಮ್ಮ ಕಾಲದಲ್ಲೇ ಫಲ ಕಾಣುತ್ತದೆ.

ಇನ್ನೊಂದು ಮಾತು. ಗೋಬರ್ ಗ್ಯಾಸ್ ಗುಂಡಿಗೆ ಯಾರೂ ಒಬ್ಬರೇ ಇಳಿಯಬೇಡಿ, ಒಳಗೆ ಆಮ್ಲಜನಕ ಇರುವುದಿಲ್ಲ.