ಕಪ್ಪುಕುಳಿಯ ಅಳತೆ: ತ್ರಿಜ್ಯವೋ, ವ್ಯಾಸವೋ, ನೆರಳೋ?

ಮಾನ್ಯ ಸಂಪಾದಕರೇ,

ಕಪ್ಪುಕುಳಿಗಳ ಸುದ್ದಿಯಲ್ಲಿ ‘ಇಷ್ಟು ಕೋಟಿ ಕಿ.ಮೀ. ಗಾತ್ರ’ ಎಂದಷ್ಟೇ ಬರೆದು ಮುಗಿಸುವ ರೂಢಿ ಬೆಳೆದಿದೆ. ಅದು ತ್ರಿಜ್ಯವೇ, ವ್ಯಾಸವೇ, ಘಟನಾ ದಿಗಂತದ್ದೇ (ದಾಟಿದರೆ ಬೆಳಕೂ ಹೊರಬರಲಾಗದ ಗಡಿ) ಅಥವಾ ಚಿತ್ರದಲ್ಲಿ ಕಾಣುವ ನೆರಳಿನದೇ ಎಂದು ಹೇಳದಿದ್ದರೆ ಸಂಖ್ಯೆ ಐದು ಪಟ್ಟಿನವರೆಗೂ ತಪ್ಪಬಹುದು.

ಲೆಕ್ಕ ಕಷ್ಟದ್ದೇನಲ್ಲ. ಐನ್‌ಸ್ಟೈನ್‌ನ ಗುರುತ್ವ ಸಮೀಕರಣಗಳಿಗೆ ಜರ್ಮನ್ ವಿಜ್ಞಾನಿ ಕಾರ್ಲ್ ಶ್ವಾರ್ಜ್‌ಶೀಲ್ಡ್ 1916ರಲ್ಲಿ ಪ್ರಕಟಿಸಿದ ಪರಿಹಾರದಂತೆ, ತಿರುಗದ ಕಪ್ಪುಕುಳಿಯ ದಿಗಂತದ ತ್ರಿಜ್ಯ ಬೇಕಾದರೆ ಗುರುತ್ವ ಸ್ಥಿರಾಂಕವನ್ನು ದ್ರವ್ಯರಾಶಿಯಿಂದ ಗುಣಿಸಿ, ಇಮ್ಮಡಿ ಮಾಡಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಬೇಕು. ಸೂರ್ಯನ ದ್ರವ್ಯರಾಶಿ, ಅಂದರೆ 2ರ ಮುಂದೆ 30 ಸೊನ್ನೆಯಷ್ಟು ಕಿಲೋಗ್ರಾಂ, ಹಾಕಿದರೆ ಸುಮಾರು 2.95 ಕಿ.ಮೀ. ಬರುತ್ತದೆ. ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು. ಕಪ್ಪುಕುಳಿ ಎಷ್ಟು ಸೂರ್ಯರ ತೂಕದ್ದೋ ಅಷ್ಟರಿಂದ ಗುಣಿಸಿದರಾಯಿತು. ಭೂಮಿಗೆ ಇದೇ ಲೆಕ್ಕ ಹಾಕಿದರೆ ತ್ರಿಜ್ಯ 9 ಮಿ.ಮೀ.ಗೂ ತುಸು ಕಡಿಮೆ.

ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಏಕಮಾನದಲ್ಲಿ. ಉಳಿದದ್ದೆಲ್ಲ ಮೀಟರ್, ಕಿಲೋಗ್ರಾಂನಲ್ಲಿಟ್ಟು ಬೆಳಕಿನ ವೇಗವನ್ನು ಮಾತ್ರ ಸೆಕೆಂಡಿಗೆ 3 ಲಕ್ಷ ಕಿ.ಮೀ. ಎಂದು ಹಾಕಿದರೆ, ವರ್ಗ ಮಾಡುವಾಗ ಉತ್ತರ 10 ಲಕ್ಷ ಪಟ್ಟು ಉಬ್ಬುತ್ತದೆ. ಸೂರ್ಯನಿಗೆ 29.5 ಲಕ್ಷ ಕಿ.ಮೀ. ಬಂದರೆ ಅಲ್ಲೇ ಅನುಮಾನ ಹುಟ್ಟಬೇಕು, ಏಕೆಂದರೆ ಸೂರ್ಯನ ತ್ರಿಜ್ಯವೇ ಸುಮಾರು 7 ಲಕ್ಷ ಕಿ.ಮೀ. ಸುದ್ದಿಮನೆಯ ತಪ್ಪು ಬೇರೆ ತರಹದ್ದು: 6.5 ಬಿಲಿಯನ್ ಎಂದರೆ 650 ಕೋಟಿ. ಅದು 65 ಕೋಟಿಯಾದರೆ ಮುಂದಿನದೆಲ್ಲ ಹತ್ತನೇ ಒಂದಕ್ಕೆ ಕುಸಿಯುತ್ತದೆ.

2019ರ ಏಪ್ರಿಲ್‌ನಲ್ಲಿ ಚಿತ್ರ ಬಿಡುಗಡೆಯಾದ ಎಂ87 ಗೆಲಾಕ್ಸಿಯ ಕಪ್ಪುಕುಳಿಯನ್ನೇ ತೆಗೆದುಕೊಳ್ಳೋಣ. 650 ಕೋಟಿ ಸೂರ್ಯರ ದ್ರವ್ಯರಾಶಿಗೆ ದಿಗಂತದ ತ್ರಿಜ್ಯ ಸುಮಾರು 1,920 ಕೋಟಿ ಕಿ.ಮೀ.; ವ್ಯಾಸ 3,840 ಕೋಟಿ. ಆದರೆ ಚಿತ್ರದ ನಡುವಿನ ಕಪ್ಪು ಭಾಗ ದಿಗಂತವಲ್ಲ. ಹತ್ತಿರ ಹಾಯುವ ಬೆಳಕು ಬಾಗಿ ಒಳಗೆ ಬೀಳುವುದರಿಂದ ನೆರಳಿನ ವ್ಯಾಸ ದಿಗಂತದ ಸುಮಾರು 2.6 ಪಟ್ಟು, ಅಂದರೆ 10,000 ಕೋಟಿ ಕಿ.ಮೀ.ಗೆ ಹತ್ತಿರ. ಚಿತ್ರದಲ್ಲಿ ಅಳೆದದ್ದನ್ನು ದಿಗಂತದ ಅಳತೆ ಎಂದು ಅಚ್ಚು ಹಾಕಿದರೆ ಓದುಗರಿಗೆ ಅನ್ಯಾಯ.

ಇನ್ನೊಂದು ಮಾತು. ನಿಜವಾದ ಕಪ್ಪುಕುಳಿಗಳು ತಿರುಗುತ್ತವೆ. ತಿರುಗಿದಷ್ಟೂ ದಿಗಂತದ ತ್ರಿಜ್ಯ ಕುಗ್ಗಿ, ಗರಿಷ್ಠ ಗಿರಕಿಯಲ್ಲಿ ಅರ್ಧಕ್ಕಿಳಿಯುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯ ಗುರುತಿಸಿದ ಗುರುತ್ವ ಅಲೆಗಳು ಎರಡು ಕಪ್ಪುಕುಳಿಗಳು ಕೂಡಿಕೊಂಡಾಗ ಎದ್ದವು. ಕೂಡಿ ಆದ ಕಪ್ಪುಕುಳಿ ಸುಮಾರು 62 ಸೂರ್ಯರಷ್ಟು. ಸರಳ ಸೂತ್ರಕ್ಕೆ 183 ಕಿ.ಮೀ. ಬರುತ್ತದೆ. ಗರಿಷ್ಠದ ಮೂರನೇ ಎರಡರಷ್ಟಿದ್ದ ಅದರ ಗಿರಕಿಯನ್ನು ಸೇರಿಸಿದರೆ ಸುಮಾರು 160 ಮಾತ್ರ.

ಹಾಗಾಗಿ ಗಾತ್ರ ಬರೆಯುವಾಗ ದ್ರವ್ಯರಾಶಿಯನ್ನೂ ಅದರ ಹೆಚ್ಚುಕಡಿಮೆಯನ್ನೂ ಪಕ್ಕದಲ್ಲೇ ಕೊಡಿ ಎಂಬುದು ನನ್ನ ಕೋರಿಕೆ. ಎಂ87ರ 650 ಕೋಟಿಯಲ್ಲಿ 70 ಕೋಟಿ ಆಚೀಚೆ ಆಗಬಹುದು. ಅಷ್ಟಕ್ಕೇ ತ್ರಿಜ್ಯ 200 ಕೋಟಿ ಕಿ.ಮೀ. ಅಲುಗಾಡುತ್ತದೆ. ಅಂಥಲ್ಲಿ ‘1,917.5 ಕೋಟಿ’ ಎಂದು ದಶಮಾಂಶದವರೆಗೆ ಅಚ್ಚಾದರೆ ಇಲ್ಲದ ನಿಖರತೆಯನ್ನು ಓದುಗರು ನಂಬಿಬಿಡುತ್ತಾರೆ.

— ಭೌತವಿಜ್ಞಾನ ಅಧ್ಯಾಪಕ