ಭಾನುವಾರದ ಶೂಟಿಂಗ್‌ಗೆ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಬೋರ್ಡ್ ಗೇಮ್‌ನ ಫೋಟೋ, ವಿಡಿಯೋ ಕೆಲಸ ಭಾನುವಾರ ಬೆಳಿಗ್ಗೆ 8ಕ್ಕೆ ಮಡಿಕೇರಿಯ ನಮ್ಮ ಮನೆಯಲ್ಲಿ. ಮಂಜು ಇದ್ದರೂ ಬನ್ನಿ, ಬೆಳಕು ಮೆತ್ತಗಿರುತ್ತದೆ.

ಹೋದ ಸಲ ಟ್ಯೂಬ್‌ಲೈಟ್ ಕೆಳಗೆ ತೆಗೆದಾಗ ಕಾರ್ಡ್‌ಗಳೆಲ್ಲ ಹೊಳೆದು ಆನೆ ಚಿತ್ರವೇ ಕಾಣಲಿಲ್ಲ, ಅಲ್ವಾ? ಈ ಸಲ ಮೇಜು ಕಿಟಕಿ ಪಕ್ಕ. ಕಿಟಕಿಗೆ ಎದುರಾಗಿ ಬಿಳಿ ಥರ್ಮೋಕೋಲ್ ಹಿಡಿದರೆ ನೆರಳು ತಿಳಿಯಾಗುತ್ತದೆ. ಯಾರ ಹತ್ತಿರವಾದರೂ ದೊಡ್ಡ ಹಾಳೆ ಇದ್ದರೆ ತನ್ನಿ.

ಈ ವಿಡಿಯೋ ಹೋಗುವುದು ಕಿಕ್‌ಸ್ಟಾರ್ಟರ್‌ಗೆ, ಅಂದರೆ ಹೊಸ ಕೆಲಸಕ್ಕೆ ಜನರಿಂದ ದುಡ್ಡು ಕೂಡಿಸುವ ವೆಬ್‌ಸೈಟ್‌ಗೆ. ಅಲ್ಲಿ ಗುರಿಯ ಮೊತ್ತ ಮುಟ್ಟದಿದ್ದರೆ ಒಂದು ರೂಪಾಯಿಯೂ ಕೈಗೆ ಬರುವುದಿಲ್ಲ. ದುಡ್ಡು ಹಾಕುವವರು ಆಟವನ್ನು ಮುಟ್ಟಿ ನೋಡಲಾರರು, ಅವರಿಗೆ ಕಾಣುವುದು ನಮ್ಮ ವಿಡಿಯೋ ಮಾತ್ರ. ಹಾಗಾಗಿ ಮೊದಲ ಹತ್ತು ಸೆಕೆಂಡಿನಲ್ಲೇ ಆಟ ನಡೆಯುತ್ತಿರಲಿ. ದಾಳ ಬೀಳಬೇಕು, ಆನೆ ಬೇಲಿ ದಾಟಬೇಕು, ಯಾರಾದರೂ "ಅಯ್ಯೋ" ಅನ್ನಬೇಕು. ರಾಜಾಸೀಟ್ ನೋಟ ನನಗೂ ತುಂಬಾ ಇಷ್ಟ, ಆದರೆ ಅದು ಕೊನೆಗಿರಲಿ.

ಬೋರ್ಡ್ ಜೊತೆ ಕೈಯೂ ಕಾಣಲಿ, ಗಾತ್ರ ಗೊತ್ತಾಗುತ್ತದೆ. ವಿಡಿಯೋಗೆ ಫೋನ್ ಅಡ್ಡ ಹಿಡಿಯಿರಿ. ತೋರಿಸುತ್ತಿರುವುದು ಮಾದರಿ ಪ್ರತಿ ಅಂತ ಬಾಯಿಬಿಟ್ಟು ಹೇಳೋಣ, ನಂಬಿ ದುಡ್ಡು ಕೊಡುವವರಿಗೆ ಅಷ್ಟು ಗೊತ್ತಿರಬೇಕು.

ಅಕ್ಕಿರೊಟ್ಟಿ, ಎಳ್ಳು ಚಟ್ನಿ ಶೂಟಿಂಗ್ ಮುಗಿದ ಮೇಲೆ. ಎಣ್ಣೆ ಕೈ ಕಾರ್ಡಿಗೆ ತಾಗುವುದು ಬೇಡ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೇಳಿಬಿಡಿ.