ಮಗಳಿಗೊಂದು ಪತ್ರ: ಓರಾ ಪ್ರೊ ನೋಬಿಸ್

ಕಾರವಾರ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಬಾಯ್,

ಫೋನಲ್ಲಿ ಮಾತಿಗಿಳಿದರೆ ನೀನೇ ಗೆಲ್ಲೋದು, ಅದಕ್ಕೆ ಬರೆಯಲು ಕೂತಿದ್ದೇನೆ. ಮನೆಯಲ್ಲಿ ಆಡೋದು ಕೊಂಕಣಿಯಾದರೂ ಪೆನ್ನು ಹಿಡಿದರೆ ನನ್ನ ಕೈ ತಾನಾಗಿ ಕನ್ನಡಕ್ಕೇ ಹೋಗುತ್ತದೆ. ಶಾಲೆ ಕಲಿಸಿದ್ದು ಅದು.

ನೀನು ಕಳಿಸಿದ ಮೂರೂ ವಿಡಿಯೋ ನೋಡಿದೆ. ಹಳೆಯ ಲ್ಯಾಟಿನ್ ಪೂಜೆಯೇ ಸರಿ, ಈಗಿನದ್ದೆಲ್ಲ ಕೆಟ್ಟಿದೆ ಅನ್ನೋ ಆ ಗಡ್ಡದ ಅಮೆರಿಕದ ಹುಡುಗ ಮಾತಿನಲ್ಲಿ ಜೋರು. ಆದರೆ ನನ್ನ ನಿದ್ದೆ ಕೆಡಿಸಿದ್ದು ಅವನಲ್ಲ. ನೀನು ಮೂರು ಭಾನುವಾರದಿಂದ ಚರ್ಚಿನ ಪೂಜೆಗೇ ಹೋಗಿಲ್ಲ ಅಂತ ಮಮ್ಮಿ ಹೇಳಿದಳು. ಅಲ್ಲಿ ಗಿಟಾರ್ ಬಾರಿಸ್ತಾರೆ, ಪರಮಪ್ರಸಾದ ಕೈಗೆ ಕೊಡ್ತಾರೆ, ಫಾದರ್ ಪ್ರಸಂಗದಲ್ಲಿ ಕ್ರಿಕೆಟ್ ಜೋಕ್ ಹೇಳ್ತಾರೆ ಅಂತ ನಿನ್ನ ದೂರಂತೆ. ಬೆಂಗಳೂರಿಗೆ ಹೋದವರು ದೇವರನ್ನು ಮರೀತಾರೆ ಅಂತ ಹೆದರಿದ್ದೆ. ದೇವರು ಜಾಸ್ತಿಯಾಗಿ ಇಗರ್ಜಿ ಬಿಡ್ತಾರೆ ಅಂತ ಅಂದುಕೊಂಡಿರಲಿಲ್ಲ.

ನೀನು ಹೇಳೋದರಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನ ಮಾತೇ. ನಾನು ಇವತ್ತಿಗೂ ಪ್ರಸಾದ ನಾಲಿಗೆ ಮೇಲೇ ತಗೊಳ್ಳೋದು. 1969ರಲ್ಲಿ ರೋಮ್ ಹೊರಡಿಸಿದ ಕಾಗದ ನಾಲಿಗೆ ಮೇಲೆ ಕೊಡುವ ಪದ್ಧತಿಯೇ ಮುಂದುವರಿಯಲಿ ಅಂದಿತ್ತು. ಕೈಗೆ ಕೊಡೋದು ಆಗ ರಿಯಾಯಿತಿ. ಕೊರೊನಾ ಬಂತು, ರಿಯಾಯಿತಿಯೇ ರೂಢಿಯಾಯಿತು. ಲ್ಯಾಟಿನ್ ವಿಷಯವೂ ಹಾಗೇ. ಅದನ್ನು ಎತ್ತಿ ಎಸೆಯಿರಿ ಅಂತ ರೋಮಿನಲ್ಲಿ ಬಿಷಪ್ಪರೆಲ್ಲ ಕೂಡಿದ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಲೇ ಇಲ್ಲ. 1963ರ ಡಿಸೆಂಬರ್ ತಿಂಗಳ ಅದರ ದಾಖಲೆಯಲ್ಲಿ ಲ್ಯಾಟಿನ್ ಉಳಿಸಿಕೊಳ್ಳಿ, ಜನರ ಭಾಷೆಗೂ ಜಾಗ ಕೊಡಿ ಅಂತಿದೆ. ಗ್ರೆಗೋರಿಯನ್ ಗಾಯನಕ್ಕೆ ಮೊದಲ ಸ್ಥಾನ ಅಂತಲೂ ಇದೆ. ಮಹಾಸಭೆಯ ಹೆಸರು ಹೇಳಿಕೊಂಡು ಕೀಬೋರ್ಡ್ ತಂದವರು ಆ ಪುಟ ಓದಿರಲಿಕ್ಕಿಲ್ಲ. ನೀನು ತಲೆಗೆ ಲೇಸಿನ ಮುಸುಕು ಹಾಕ್ತೀ ಅಂದಾಗ ನನಗೆ ಒಳಗೊಳಗೇ ಖುಷಿಯಾಯಿತು, ಮಮ್ಮಿ ಹತ್ತಿರ ಹೇಳಲಿಲ್ಲ ಅಷ್ಟೇ.

2021ರ ಜುಲೈ 16ರ ಆದೇಶದ ಬಗ್ಗೆ ನಿನಗಿರುವ ಸಿಟ್ಟೂ ಗೊತ್ತು. 2007ರಲ್ಲಿ ಪೋಪ್ ಬೆನೆಡಿಕ್ಟ್ ಹಳೆಯ ಲ್ಯಾಟಿನ್ ಪೂಜೆಗೆ ಬಾಗಿಲು ತೆರೆದಿದ್ದರು, ಪೋಪ್ ಫ್ರಾನ್ಸಿಸ್ ಬಂದು ಅದನ್ನು ಮುಕ್ಕಾಲು ಮುಚ್ಚಿದರು. ಯಾರ ತಂಟೆಗೂ ಹೋಗದೆ ಸುಮ್ನೆ ಮೊಣಕಾಲೂರಿ ಕೂತಿದ್ದ ಜನರಿಗೆ ಅದರಿಂದ ನೋವಾಯಿತು. ಅಜ್ಜನ ಕೋಣೆಗೆ ಬೀಗ ಜಡಿದ ಹಾಗೆ. ಆದರೆ ನೋಡು, 2025ರ ಅಕ್ಟೋಬರಿನಲ್ಲಿ ಪೋಪ್ ಲಿಯೋ ಒಪ್ಪಿಗೆಯಿಂದ ಕಾರ್ಡಿನಲ್ ಬರ್ಕ್ ಸಂತ ಪೇತ್ರರ ಬೆಸಿಲಿಕಾದಲ್ಲೇ ಹಳೆಯ ಪೂಜೆ ಮಾಡಿದರು. ಕಾದವರಿಗೆ ಅಷ್ಟಾದರೂ ಸಿಕ್ಕಿತು. ಕಾಯದವರ ಕತೆಯೂ ಇದೆ. 1988ರಲ್ಲಿ ಹಳೆಯ ಪೂಜೆಯ ಪರ ನಿಂತ ಆರ್ಚ್‌ಬಿಷಪ್ ಲೆಫೆವ್ರ್ ಪೋಪರ ಒಪ್ಪಿಗೆ ಇಲ್ಲದೆ ನಾಲ್ವರನ್ನು ಬಿಷಪ್ ಮಾಡಿದರು. ಅದಕ್ಕೆ ಆ ನಾಲ್ವರ ಮೇಲೆ ಬಿದ್ದ ಬಹಿಷ್ಕಾರ ತೆಗೆಯಲು 2009 ಬರಬೇಕಾಯಿತು. ಕೆಲಸ ಒಂದು ಬೆಳಗ್ಗೆಯದು, ಬಾಕಿ ಇಪ್ಪತ್ತು ವರ್ಷದ್ದು.

ಇನ್ನು ರೋಮಿನಿಂದ ಬಂದ 2023ರ ಡಿಸೆಂಬರ್ 18ರ ಕಾಗದ, ಸಲಿಂಗಿ ಜೋಡಿಗಳಿಗೆ ಆಶೀರ್ವಾದ ಕೊಡಬಹುದು ಅಂದದ್ದು. ಅದು ಮದುವೆಯಲ್ಲ, ಪೂಜೆಯ ವಿಧಿಯೂ ಅಲ್ಲ ಅಂತ ಅದರಲ್ಲೇ ಬರೆದಿದೆ. ಆದರೂ ನನಗೆ ಇರಿಸುಮುರಿಸಾಯಿತು, ಸುಳ್ಳು ಯಾಕೆ ಹೇಳಲಿ. ಆಫ್ರಿಕಾದ ಬಿಷಪ್ಪರು ಮುಂದಿನ ತಿಂಗಳೇ ನಮ್ಮಲ್ಲಿ ಇದು ಆಗದು ಅಂದರು. ಹೇಳೋದನ್ನು ಹೇಳಿ ಮನೆಯೊಳಗೇ ಉಳಿದರು. ನಿನ್ನ ವಿಡಿಯೋದವರು ಮಾತ್ರ ಆ ಜೋಡಿಗಳ ಫೋಟೋ ಹಾಕಿ ಗಹಗಹಿಸಿ ನಗ್ತಿದ್ದರು. ಸುದ್ದಿ ಬಂದ ವಾರ ನಮ್ಮ ವಾರ್ಡಿನ ಒಬ್ಬ ತಾಯಿ ಪೂಜೆ ಮುಗಿದ ಮೇಲೂ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಆಮೇಲೆ ಮರಿಯ ಮಾತೆಯ ಮುಂದೆ ಒಂದು ಮೇಣದ ಬತ್ತಿ ಹಚ್ಚಿದಳು. ಯಾರಿಗೆ ಅಂತ ನಾನು ಕೇಳಲಿಲ್ಲ, ಅವಳ ಮಗ ಊರಿಗೆ ಬರದೆ ಆರು ವರ್ಷವಾಯಿತು. ಅವಳೆದುರು ಆ ವಿಡಿಯೋ ಹಾಕಲು ನಿನಗೆ ಆಗುತ್ತದಾ?

ನಿನಗೆ ಆಜಿ ಸರಿಯಾಗಿ ನೆನಪಿರಲಿಕ್ಕಿಲ್ಲ. ಅವಳ ಅರ್ಧ ಆಯಸ್ಸು ಲ್ಯಾಟಿನ್ ಪೂಜೆಯಲ್ಲೇ ಕಳೆಯಿತು, ಒಂದಕ್ಷರ ಅರ್ಥ ಗೊತ್ತಿರಲಿಲ್ಲ. ಪಾದ್ರಿ ಪಾಡಿಗೆ ಪಾದ್ರಿ, ಇವಳ ಪಾಡಿಗೆ ಇವಳ ತೇರ್ಸ್, ಜಪಮಾಲೆ. ಗಂಟೆ ಬಾರಿಸಿದಾಗ ತಲೆ ಬಗ್ಗಿಸೋದು, ಮತ್ತೆ ಮಣಿ ಎಣಿಸೋದು. ಪೂಜೆ ಕೊಂಕಣಿಗೆ ಬಂದಾಗ ಮೊದಲು ಗೊಣಗಿದವಳೂ ಅವಳೇ. ಮೀನು ಮಾರೋ ಭಾಷೆಯಲ್ಲಿ ದೇವರ ಹತ್ತಿರ ಮಾತಾಡೋದಾ ಅಂತ. ಆ ವರ್ಷದ ಶುಭ ಶುಕ್ರವಾರ ಯೇಸುವಿನ ಪಾಡುಗಳನ್ನು ಕೊಂಕಣಿಯಲ್ಲಿ ಓದಿದರು. ಶಿಷ್ಯ ಪೇತ್ರ ಯೇಸುವಿನ ಬಗ್ಗೆ, ನನಗೆ ಅವನು ಗೊತ್ತೇ ಇಲ್ಲ ಅನ್ನೋ ಜಾಗ ಬಂತು. ಆಜಿ ಸೆರಗು ಬಾಯಿಗೊತ್ತಿಕೊಂಡು, ಅಯ್ಯೋ ಮಾರಾಯ, ಹಾಗೆ ಹೇಳಬೇಡ ಅಂದಳಂತೆ, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ. ಹಾಗಂತ ಲ್ಯಾಟಿನ್ ಬಿಟ್ಟಳಾ? ಸಾಯುವ ತನಕ ಬಿಡಲಿಲ್ಲ.

ಯಾಕಂದರೆ ಲದಿನ್ ಇತ್ತಲ್ಲ, ಶಿಲುಬೆಯ ಮುಂದೆ ಎಲ್ಲರೂ ಸೇರಿ ಹಾಡುವ ಲ್ಯಾಟಿನ್ ಪ್ರಾರ್ಥನೆ. ಮೇ ತಿಂಗಳಲ್ಲಿ ನಮ್ಮ ರಸ್ತೆ ಬದಿಯ ಖುರಿಸಿಗೆ, ಆ ಶಿಲುಬೆಗೆ, ಸುಣ್ಣ ಬಳಿದು ಅಬ್ಬಲಿಗೆ ದಂಡೆ ಹಾಕ್ತೇವೆ. ರಸ್ತೆ ಅಗಲ ಮಾಡುವಾಗ ಅದನ್ನು ಹತ್ತು ಅಡಿ ಹಿಂದೆ ಸರಿಸಿದ್ದು ನಮ್ಮ ಪಕ್ಕದ ಮನೆಯ ಗೌಂಡಿ ನಾಯ್ಕರು. ಕೂಲಿ ತಗೊಳ್ಳಲಿಲ್ಲ, ಈಗ ಪ್ರತಿ ವರ್ಷ ಎಣ್ಣೆ ಅವರದ್ದೇ. ಸಂಜೆ ಏಳಕ್ಕೆ ನಾನು ಪಿಟೀಲು ಶ್ರುತಿ ಮಾಡೋದು, ಕೀರಿಯೆ ಎಲೇಯಿಸೋನ್ ಅಂತ ಶುರು. ಸಾಂಕ್ತಾ ಮರಿಯಾ ಅಂತ ಒಬ್ಬರು, ಓರಾ ಪ್ರೊ ನೋಬಿಸ್, ನಮಗಾಗಿ ಪ್ರಾರ್ಥಿಸು, ಅಂತ ಎಲ್ಲರೂ. ಆಜಿಯ ಬಾಯಲ್ಲಿ ಅದು ಓರಾಪೊನೋಬಿ. ಲಾರಿ ಹೋದಾಗ ಅರ್ಧ ಸಾಲು ಕೇಳೋದಿಲ್ಲ, ಯಾರೂ ನಿಲ್ಲಿಸೋದಿಲ್ಲ. ಕೊನೆಗೆ ಕಾಗದದ ಪೊಟ್ಟಣದಲ್ಲಿ ಬೇಯಿಸಿದ ಕಡಲೆ, ದೊಡ್ಡವರಿಗೆ ಒಂದೊಂದು ಗುಟುಕು. ನೀನು ಈಗ ಹುಡುಕ್ತಿರೋ ಲ್ಯಾಟಿನ್ ಇದೇ ಬಾಯ್. ಹತ್ತು ವರ್ಷದವಳಿದ್ದಾಗ ಕಡಲೆಗೋಸ್ಕರ ಸಾಲಿನಲ್ಲಿ ಎರಡು ಸಲ ನಿಂತವಳು ನೀನು.

ಕ್ರೈಸ್ತ ಸಭೆಯೊಳಗಿನ ಜಗಳ ನಮ್ಮ ಕರಾವಳಿಗೆ ಹೊಸದೂ ಅಲ್ಲ. 1681ರಲ್ಲಿ ಗೋವೆಯಿಂದ ಜೋಸೆಫ್ ವಾಜ್ ಅನ್ನೋ ಪಾದ್ರಿ ಕೆನರಾಕ್ಕೆ ಬಂದಾಗ ಇಲ್ಲಿ ಪೋರ್ಚುಗಲ್ ರಾಜನ ಕಡೆಯವರಿಗೂ ರೋಮ್ ನೇಮಿಸಿದ ಬಿಷಪ್ಪರಿಗೂ ಹಗ್ಗಜಗ್ಗಾಟ. ಯಾರ ಮಾತು ಕೇಳಬೇಕು ಅಂತ ಜನರಿಗೆ ತಿಳಿಯದ ಕಾಲ. ವಾಜ್ ಪೋರ್ಚುಗಲ್ ಕಡೆಯವರಾಗಿಯೇ ಬಂದವರು, ಆದರೂ ಬಿಷಪ್ಪರ ಜೊತೆ ರಾಜಿಯ ದಾರಿ ಹುಡುಕಿದರು. ಉಳಿದ ಹೊತ್ತು ಊರೂರು ತಿರುಗಿ ಜನರ ಪಾಪನಿವೇದನೆ ಕೇಳಿದರು. 2015ರಲ್ಲಿ ಕೊಲಂಬೋದಲ್ಲಿ ಅವರನ್ನು ಸಂತ ಅಂತ ಸಾರಿದ್ದು ಯಾರು ಗೊತ್ತಾ? ನೀನು ಬೈಯುವ ಅದೇ ಪೋಪ್ ಫ್ರಾನ್ಸಿಸ್.

ರಾಜಕೀಯದ ಬಗ್ಗೆ ಜಾಸ್ತಿ ಬರೆಯಲ್ಲ. ನಿನ್ನ ವಿಡಿಯೋದ ಆ ಹುಡುಗನಿಗೆ ಅವನ ದೇಶದ ಚುನಾವಣೆಯೂ ಧರ್ಮೋಪದೇಶವೂ ಒಂದೇ ಪಾತ್ರೆಯಲ್ಲಿ ಬೇಯುತ್ತದೆ. ನಮ್ಮ ಪಾತ್ರೆ ಬೇರೆ. 2021ರ ಕೊನೆಯಲ್ಲಿ ಮತಾಂತರ ತಡೆಯುವ ಮಸೂದೆ ವಿಧಾನಸಭೆಗೆ ಬಂದಾಗ ನಮಗೆ ಹೆದರಿಕೆ ಆಗಿದ್ದು ನಿಜ. ಆದರೆ ಓಟು ಯಾರಿಗೆ ಅಂತ ಪೀಠದಿಂದ ಯಾವ ಪಾದ್ರಿ ಹೇಳಿದರೂ ನಾನು ಎದ್ದು ಹೊರಗೆ ಹೋಗ್ತೇನೆ. ಹ್ಞಾಂ, ನಾನೂ ಎದ್ದು ಹೋಗುವವನೇ ಅಂತ ನಗಬೇಡ. ಪ್ರಸಾದದ ಹೊತ್ತಿಗೆ ವಾಪಸ್ ಬರ್ತೇನೆ.

ನಿನ್ನ ಇಗರ್ಜಿಯಲ್ಲಿ ಬೆಳಗ್ಗೆ ಆರೂವರೆಗೆ ಒಂದು ಪೂಜೆ ಇರುತ್ತದಂತೆ, ಮಮ್ಮಿ ವಿಚಾರಿಸಿದ್ದಾಳೆ. ಅಷ್ಟು ಬೇಗ ಗಿಟಾರಿನವರು ಏಳೋದಿಲ್ಲ. ಮುಸುಕು ಹಾಕಿಕೋ, ಮೊಣಕಾಲೂರು, ನಾಲಿಗೆ ಚಾಚು. ಯಾರೂ ಬೇಡ ಅನ್ನಲ್ಲ. ಪಕ್ಕದವಳು ಕೈ ಚಾಚಿದರೆ ಅವಳ ಕೈ ನೋಡಬೇಡ.

ಮೇಯಲ್ಲಿ ರಜೆ ಹಾಕಿ ಬಾ. ಬರುವಾಗ ಪಿಟೀಲಿನ ಸಣ್ಣ ತಂತಿ ಎರಡು ತಾ, ಇಲ್ಲಿ ಸಿಗೋದು ಶ್ರುತಿ ಮಾಡುವಾಗಲೇ ಹರಿಯುತ್ತದೆ. ಮೊದಲ ಸಾಲು ಈ ಸಲ ನೀನೇ ಹೇಳು, ನನ್ನ ದನಿ ಈಗ ಅಷ್ಟು ಮೇಲೆ ಹೋಗೋದಿಲ್ಲ.

ನಿನ್ನ ಪಪ್ಪ